ಮಾಸು ಸಂಗ್ರಹಿಸುವವರ ಕೆಲಸ: ಆಪರೇಷನ್ ಥಿಯೇಟರಿನಿಂದ ಟಿಶ್ಯೂ ಬ್ಯಾಂಕಿನವರೆಗೆ

ಬೆಳಗಾವಿಯಲ್ಲಿ ಓಟಿ ಮತ್ತು ಲ್ಯಾಬ್ ಟೆಕ್ನಾಲಜಿ ವಿದ್ಯಾರ್ಥಿಗಳು, ಸ್ಟಾಫ್ ನರ್ಸ್‌ಗಳು ಹಾಗೂ ಆಶಾ ಕಾರ್ಯಕರ್ತೆಯರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ಶರಣು ಶರಣಾರ್ಥಿ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಹೆರಿಗೆ ಕೋಣೆ ಕಂಡವರು. ಕೂಸು ಹೊರಬಂದ ಮೇಲೆ ಎಲ್ಲರ ಗಮನ ಕೂಸಿನ ಕಡೆ, ತಾಯಿಯ ಕಡೆ ಇರುತ್ತದೆ. ಇರಬೇಕಾದದ್ದೂ ಹಾಗೆಯೇ. ಹಿಂದೆಯೇ ಬಂದ ಮಾಸು ಟ್ರೇಗೆ ಬೀಳುತ್ತದೆ, ಪೂರ್ತಿ ಬಂತೋ ಇಲ್ಲವೋ ಎಂದು ಡಾಕ್ಟರು ನೋಡುತ್ತಾರೆ, ಆಮೇಲೆ ಅದು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲ ಸೇರುತ್ತದೆ. ಆ ಚೀಲಕ್ಕೆ ಹೋಗುವ ಮುಂಚೆ, ತಾಯಿಯ ಒಪ್ಪಿಗೆಯಿಂದ, ಅದನ್ನು ಶುದ್ಧವಾಗಿ ಪಡೆದು ಟಿಶ್ಯೂ ಬ್ಯಾಂಕಿಗೆ, ಅಂದರೆ ಚಿಕಿತ್ಸೆಗೆ ಬೇಕಾದ ಅಂಗಾಂಶಗಳನ್ನು ಸಿದ್ಧಪಡಿಸಿ ಕಾಪಿಡುವ ಕೇಂದ್ರಕ್ಕೆ, ತಲುಪಿಸುವ ತಂತ್ರಜ್ಞರ ಕೆಲಸದ ಬಗ್ಗೆ ಇವತ್ತಿನ ಮಾತು. ಅಮೆರಿಕದಲ್ಲಿ ಇದಕ್ಕೇ ಬೇರೆ ಸಿಬ್ಬಂದಿ ಇದ್ದಾರೆ, ಹೆರಿಗೆ ಆಸ್ಪತ್ರೆಗಳಲ್ಲಿ ಪಾಳಿಯ ಮೇಲೆ ಕಾಯುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ನೇತ್ರ ಬ್ಯಾಂಕಿನ ಅಥವಾ ಟಿಶ್ಯೂ ಬ್ಯಾಂಕಿನ ಟೆಕ್ನಿಷಿಯನ್ನರೇ ಬೇರೆ ಕೆಲಸದ ಜೊತೆ ಇದನ್ನೂ ಮಾಡುತ್ತಾರೆ.

ಮೊದಲೇ ಒಂದು ಮಾತು ಒತ್ತಿ ಹೇಳುತ್ತೇನೆ, ಮುಂದಿನದೆಲ್ಲ ಅದರ ವಿವರಣೆ. ಆಸ್ಪತ್ರೆಯಲ್ಲಿ ಕೆಟ್ಟದ್ದನ್ನು ಲ್ಯಾಬ್ ಸರಿಮಾಡಲಾರದು. ಬ್ಯಾಂಕಿನಲ್ಲಿ ಆ್ಯಂಟಿಬಯೋಟಿಕ್ ಇದೆ, ಸೋಸಿದ ಶುದ್ಧ ಗಾಳಿಯ ಲ್ಯಾಮಿನಾರ್ ಫ್ಲೋ ಇದೆ, ಮೈನಸ್ 80 ಡಿಗ್ರಿಯ ಫ್ರೀಜರ್ ಇದೆ, ಗಾಮಾ ವಿಕಿರಣದ ಸೌಲಭ್ಯವೂ ಸಿಗುತ್ತದೆ. ಆದರೆ ತಪ್ಪು ಹೆಸರಿನ ಲೇಬಲ್, ನೀರು ಬೆರೆತ ರಕ್ತದ ಸ್ಯಾಂಪಲ್, ನಲ್ಲಿ ನೀರಲ್ಲಿ ತೊಳೆದ ಮಾಸು, ತಾಯಿಗೆ ಅರ್ಥವಾಗದೆ ಹಾಕಿಸಿಕೊಂಡ ಸಹಿ, ಇವನ್ನು ಯಾವ ಯಂತ್ರವೂ ತೊಳೆಯುವುದಿಲ್ಲ.

ಇದು ಯಾರಿಗೆ ಬೇಕು ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಅಥಣಿ, ಗೋಕಾಕ, ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ಕಡಿಯುವಾಗ ರವದಿ ಕಣ್ಣಿಗೆ ಬಡಿಯುತ್ತದೆ. ಎಲೆಯ ಅಂಚು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಗೀರಿದರೆ ಶಿಲೀಂಧ್ರ ಒಳಗೆ ಇಳಿದು ಹುಣ್ಣಾಗುತ್ತದೆ. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಬಿಸಿ ಪಾಕ ಸಿಡಿದು ಮೈ ಸುಡುತ್ತದೆ. ತಂಬಾಕಿನ ಜೊತೆಗಿನ ಸುಣ್ಣದ ಪೊಟ್ಟಣ ಹಿಚುಕಿ ಕಣ್ಣಿಗೆ ಸಿಡಿಸಿಕೊಂಡ ಮಕ್ಕಳು ಆಸ್ಪತ್ರೆಗೆ ಬರುತ್ತಾರೆ. (ಸುಣ್ಣ ಬಿದ್ದ ಕಣ್ಣನ್ನು ಇದ್ದಲ್ಲೇ, ಕೂಡಲೇ, ಅರ್ಧ ಗಂಟೆಯಾದರೂ ಧಾರಾಳ ನೀರಿನಲ್ಲಿ ತೊಳೆಯಬೇಕು. ಆಸ್ಪತ್ರೆಯ ದಾರಿ ಆಮೇಲೆ. ಆಶಾ ಅಕ್ಕಂದಿರು ಇದನ್ನು ಊರೂರಲ್ಲಿ ಹೇಳಬೇಕು.) ಇಂಥ ಕಣ್ಣಿನ ಮೇಲೆ, ಸುಟ್ಟ ಗಾಯದ ಮೇಲೆ, ಸಕ್ಕರೆ ಕಾಯಿಲೆಯವರ ಮಾಯದ ಪಾದದ ಹುಣ್ಣಿನ ಮೇಲೆ ಮಾಸಿನ ಒಳಪದರವನ್ನು, ಅಂದರೆ ಆಮ್ನಿಯಾನ್ ಪೊರೆಯನ್ನು, ಹೊದಿಸುತ್ತಾರೆ. ಅದು ಉರಿಯೂತ ತಗ್ಗಿಸುತ್ತದೆ, ಕಲೆಗಟ್ಟುವುದನ್ನು ಕಡಿಮೆ ಮಾಡುತ್ತದೆ, ಹೊಸ ಚರ್ಮಕೋಶಗಳು ಹರಡಿಕೊಳ್ಳಲು ನೆಲ ಒದಗಿಸುತ್ತದೆ. ಅದರಲ್ಲಿ ರಕ್ತನಾಳವಿಲ್ಲ, ನರವಿಲ್ಲ; ರಕ್ತದ ಗುಂಪು ಹೊಂದಿಸುವ ಅಗತ್ಯವೂ ಇಲ್ಲ. ಚರ್ಮದ ಮೇಲೆ ಇದರ ಬಳಕೆ 1910ರಲ್ಲಿ, ಕಣ್ಣಿನ ಮೇಲೆ 1940ರಲ್ಲಿ ದಾಖಲಾಯಿತು. 1995ರ ನಂತರ ನೇತ್ರ ಶಸ್ತ್ರಚಿಕಿತ್ಸೆಯಲ್ಲಿ ಮತ್ತೆ ಚಾಲ್ತಿಗೆ ಬಂತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ ಶುರುವಾದದ್ದು 1988ರಲ್ಲಿ.

ಈಗ ಮಾಸನ್ನೇ ನೋಡೋಣ. ತಿಂಗಳು ತುಂಬಿದ ಹೆರಿಗೆಯಲ್ಲಿ ಅದರ ತೂಕ ಸುಮಾರು 500 ಗ್ರಾಂ, ಕೂಸಿನ ತೂಕದ ಆರನೇ ಒಂದು ಪಾಲು. ಅಗಲ 15ರಿಂದ 20 ಸೆಂಟಿಮೀಟರ್, ನಡುವಿನ ದಪ್ಪ ಎರಡು-ಎರಡೂವರೆ ಸೆಂಟಿಮೀಟರ್, ಹೊಕ್ಕುಳಬಳ್ಳಿ 50-60 ಸೆಂಟಿಮೀಟರ್. ಗರ್ಭಕೋಶಕ್ಕೆ ಅಂಟಿದ್ದ ಮಗ್ಗುಲು ಕೆಂಪಗೆ, 15ರಿಂದ 20 ಹಾಲೆಗಳಾಗಿ ಇರುತ್ತದೆ. ಕೂಸಿನ ಕಡೆಯ ಮಗ್ಗುಲು ನುಣುಪು, ಹೊಳಪು. ಆ ಹೊಳಪೇ ಆಮ್ನಿಯಾನ್. ಅದರ ಕೆಳಗೆ ಕೋರಿಯಾನ್ ಎಂಬ ಇನ್ನೊಂದು ಪೊರೆ. ಎರಡರ ನಡುವೆ ಸಡಿಲವಾದ ಜೆಲ್ಲಿಯಂಥ ಪದರ ಇರುವುದರಿಂದ ಈರುಳ್ಳಿಯ ಎಸಳುಗಳ ನಡುವಿನ ತೆಳು ಪೊರೆಯ ಹಾಗೆ ಆಮ್ನಿಯಾನ್ ಬಿಡಿಸಿಕೊಂಡು ಬರುತ್ತದೆ. ಬಳ್ಳಿಯ ಬುಡದ ಹತ್ತಿರ ಮಾತ್ರ ಗಟ್ಟಿ. ಮಾಸಿನ ಅಂಚಿನಲ್ಲಿ ಅದು ಬೇಗ ಹರಿಯುತ್ತದೆ. ಅಲ್ಲಿ ಹಿಡಿದು ಎತ್ತಿದರೆ ಬ್ಯಾಂಕಿಗೆ ಬರುವುದು ಚಿಂದಿ.

ಕಾನೂನಿನ ಮಾತು ಚುಟುಕಾಗಿ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರ ತಿದ್ದುಪಡಿಯಲ್ಲಿ ಅಂಗಾಂಶಗಳೂ ಸೇರಿದವು, 2014ರಲ್ಲಿ ನಿಯಮಗಳು ಬಂದವು. ಟಿಶ್ಯೂ ಬ್ಯಾಂಕ್ ನೋಂದಣಿ ಆಗಿರಲೇಬೇಕು. ಅಂಗಾಂಶಕ್ಕೆ ಹಣ ಕೊಡುವುದು, ತೆಗೆದುಕೊಳ್ಳುವುದು ಅಪರಾಧ: ಒಂದರಿಂದ ಮೂರು ವರ್ಷ ಜೈಲು, 5ರಿಂದ 25 ಲಕ್ಷ ರೂಪಾಯಿ ದಂಡ. ಆಯಾಗೆ "ಚಹಾದ ಖರ್ಚು" ಎಂದು ಕೊಟ್ಟು ಮಾಸು ಪಡೆಯುವ ದಾರಿಗೆ ಯಾರೂ ಹೋಗಬೇಡಿ. ಇನ್ನು ಹೊಕ್ಕುಳಬಳ್ಳಿಯ ರಕ್ತ ಸಂಗ್ರಹ ಬೇರೆಯೇ ಲೈಸೆನ್ಸಿನ ಕೆಲಸ, ಅದು ಔಷಧ ನಿಯಂತ್ರಣದ ಅಡಿಯಲ್ಲಿ ಬರುತ್ತದೆ. ಅದರ ಬಗ್ಗೆ ಒಂದೇ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕಟ್ಟಿದರೆ ಕೂಸಿಗೆ ರಕ್ತ, ಕಬ್ಬಿಣಾಂಶ ಹೆಚ್ಚು ಸಿಗುತ್ತದೆ. ಚೀಲಕ್ಕೆ ಹೆಚ್ಚು ರಕ್ತ ಬರಲಿ ಎಂದು ಬೇಗ ಕಟ್ಟಿಸುವ ಮಾತನ್ನು ಯಾವ ತಂತ್ರಜ್ಞರೂ ಆಡಬಾರದು. ರಕ್ತಹೀನತೆ ಇಷ್ಟೊಂದು ಇರುವ ನಮ್ಮ ಸೀಮೆಯಲ್ಲಂತೂ ಆ ರಕ್ತ ಮೊದಲು ಕೂಸಿನದು.

ದಾನಿಯ ಆಯ್ಕೆಯಲ್ಲಿ ಮೊದಲ ಪ್ರಶ್ನೆ ಹೆರಿಗೆ ಯಾವ ಬಗೆಯದು ಎಂಬುದು. ಸಹಜ ಹೆರಿಗೆಯಲ್ಲಿ ಮಾಸು ಯೋನಿಮಾರ್ಗದಿಂದ ಬರುವಾಗ ಅಲ್ಲಿನ ಬ್ಯಾಕ್ಟೀರಿಯಾ ಹತ್ತುತ್ತದೆ. ಹಾಗಾಗಿ ಮೊದಲೇ ದಿನ ಗೊತ್ತುಮಾಡಿದ, ನೋವು ಶುರುವಾಗದ, ನೀರು ಒಡೆಯದ ಸಿಜೇರಿಯನ್ ನಮ್ಮ ಆಯ್ಕೆ. 37 ವಾರ ತುಂಬಿರಬೇಕು ಎಂದು ಇಟ್ಟುಕೊಂಡರೆ ಪೊರೆಯ ಗಟ್ಟಿತನ ಚೆನ್ನಾಗಿರುತ್ತದೆ. ರಾತ್ರಿಯೆಲ್ಲ ನೋವು ತಿಂದು, ನೀರು ಹೋಗಿ, ಬೆಳಿಗ್ಗೆ ತುರ್ತು ಸಿಜೇರಿಯನ್ ಆದವರ ಮಾಸು ಬೇಡ. ಸಿಜೇರಿಯನ್ ಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ನಮ್ಮ ಕೆಲಸದ ನೆರಳೂ ಬೀಳಬಾರದು. ಪಟ್ಟಿ ಸಿದ್ಧವಾದ ಮೇಲೆ ಆ ಪಟ್ಟಿಯನ್ನು ನೋಡುವವರು ನಾವು. ಒಳ್ಳೆಯ ದಿನ ನೋಡಿ ಸಿಜೇರಿಯನ್‌ಗೆ ಬರುವ ರೂಢಿ ಇರುವುದರಿಂದ ಕೆಲವು ದಿನ ಪಟ್ಟಿ ತುಂಬಿರುತ್ತದೆ, ಅಮಾವಾಸ್ಯೆಗೆ ಖಾಲಿ ಹೊಡೆಯುತ್ತದೆ. ಕಿಟ್ ಎಷ್ಟು ಸ್ಟೆರಿಲೈಸ್ ಮಾಡಿಸಿಡಬೇಕು ಎಂಬುದನ್ನು ಪಂಚಾಂಗವೂ ಹೇಳುತ್ತದೆ.

ಜ್ವರ, ಗರ್ಭಚೀಲದ ಸೋಂಕಿನ ಲಕ್ಷಣ, ಕೂಸು ಒಳಗೇ ಮಲ ಮಾಡಿ ಹಸಿರಾದ ನೀರು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಕ್ಯಾನ್ಸರ್, ಕಾರಣ ತಿಳಿಯದ ನರರೋಗ, ಹಿಂದೆ ಕಾರ್ನಿಯಾ ಅಥವಾ ಅಂಗ ಕಸಿ ಮಾಡಿಸಿಕೊಂಡದ್ದು, ಇತ್ತೀಚೆಗೆ ಹಾಕಿಸಿಕೊಂಡ ಹಚ್ಚೆ, ಇವುಗಳಲ್ಲಿ ಒಂದಿದ್ದರೂ ಆ ಮಾಸನ್ನು ಬಿಡಬೇಕು. ಹಚ್ಚೆಯ ಪ್ರಶ್ನೆಯನ್ನು ಜಾತ್ರೆ ಮುಗಿದ ತಿಂಗಳುಗಳಲ್ಲಿ ಮರೆಯದೆ ಕೇಳಿ. ಒಂದೇ ಸೂಜಿಯಲ್ಲಿ ಹಲವರಿಗೆ ಹಾಕಿರುವ ಸಾಧ್ಯತೆ ಇರುತ್ತದೆ. ಈ ಪ್ರಶ್ನೆಗಳನ್ನು ಅತ್ತೆ, ಗಂಡ, ನಾದಿನಿ ಸುತ್ತ ನಿಂತಿರುವಾಗ ಕೇಳಿದರೆ ಎಲ್ಲಕ್ಕೂ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಅವರನ್ನು ಹೊರಗೆ ಕೂರಿಸಿ, ನರ್ಸ್ ಒಬ್ಬರ ಎದುರು, ಮೆಲುದನಿಯಲ್ಲಿ ಕೇಳಬೇಕು. ತಂತ್ರಜ್ಞ ಗಂಡಸಾಗಿದ್ದರೆ ಈ ಭಾಗವನ್ನು ನರ್ಸ್ ಅಕ್ಕನಿಗೇ ಬಿಡುವುದು ಒಳ್ಳೆಯದು.

ಒಪ್ಪಿಗೆಯ ಮಾತನ್ನು ಥಿಯೇಟರಿನ ಬಾಗಿಲಲ್ಲಿ ಎತ್ತಬೇಡಿ. ಬೆನ್ನಿಗೆ ಸೂಜಿ ಹಾಕುವ ಹೆದರಿಕೆಯಲ್ಲಿರುವವಳು ಎದುರಿಗೆ ಹಿಡಿದ ಯಾವ ಕಾಗದಕ್ಕೂ ಸಹಿ ಹಾಕುತ್ತಾಳೆ, ಅದು ಒಪ್ಪಿಗೆಯಲ್ಲ. 34-36 ವಾರದ ತಪಾಸಣೆಯೇ ಸರಿಯಾದ ಹೊತ್ತು. ಪ್ರತಿ ತಿಂಗಳ 9ನೇ ತಾರೀಖಿನ ಗರ್ಭಿಣಿ ತಪಾಸಣೆಯ ದಿನ ಒಂದೇ ಕಡೆ ಬಹಳ ತಾಯಂದಿರು ಸಿಗುತ್ತಾರೆ. ಅಂದು ಮಾತು ಹೇಳಿ, ಮನೆಯಲ್ಲಿ ಮಾತಾಡಿಕೊಂಡು ಬರಲು ಬಿಡಿ. ಹೇಳುವುದು ಹೀಗಿದ್ದರೆ ಸಾಕು:

"ಅಕ್ಕಾರ, ಕೂಸು ಹುಟ್ಟಿದ ಮ್ಯಾಲೆ ಕಸ ಬೀಳತೈತಲ್ರಿ, ಅದರಾಗ ಒಂದು ತೆಳು ಪದರ ಇರತೈತಿ. ಕಣ್ಣು ಸುಟ್ಟವರಿಗೆ, ಮೈ ಸುಟ್ಟವರಿಗೆ ಡಾಕ್ಟರು ಅದನ್ನ ಹಚ್ಚತಾರ. ಅದನ್ನ ದಾನ ಕೊಡಾಕ ನಿಮಗ ಮನಸ್ಸೈತೇನ್ರಿ? ನಿಮ್ಮ ರಕ್ತ ಒಂದೀಟು ಪರೀಕ್ಷಾಕ ತಗೋತೀವಿ, ಆರು ತಿಂಗಳ ಮ್ಯಾಲೆ ಇನ್ನೊಮ್ಮೆ ತಗೋತೀವಿ. ರೊಕ್ಕ ಕೊಡಂಗಿಲ್ಲ, ರೊಕ್ಕ ಇಸಗೊಳ್ಳಂಗೂ ಇಲ್ಲ. ಬ್ಯಾಡ ಅಂದ್ರೂ ನಡೀತೈತ್ರಿ, ನಿಮ್ಮ ಹೆರಿಗಿಗೆ ಏನೂ ಫರಕ್ ಬೀಳಂಗಿಲ್ಲ."

ಬೆಳಗಾವಿ, ನಿಪ್ಪಾಣಿ, ಖಾನಾಪುರ ಕಡೆ ಇದನ್ನೇ ಮರಾಠಿಯಲ್ಲಿ, ವಿಜಯಪುರದ ಹಲವು ಮನೆಗಳಿಗೆ ಉರ್ದುವಿನಲ್ಲಿ ಹೇಳಬೇಕಾಗುತ್ತದೆ. ಫಾರ್ಮ್ ಕೂಡ ಅದೇ ಭಾಷೆಯಲ್ಲಿರಬೇಕು. ಸಹಿ ತಾಯಿಯದೇ ಆಗಬೇಕು, ಗಂಡನ ಸಹಿ ಅದಕ್ಕೆ ಬದಲಿಯಲ್ಲ. ಹೆಬ್ಬೆಟ್ಟಾದರೆ ಬ್ಯಾಂಕಿಗೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಸಂಶೋಧನೆಗೆ ಬಳಸುವ ಒಪ್ಪಿಗೆಗೆ ಬೇರೆಯೇ ಕಾಲಂ ಇರಲಿ. ಕೆಲವು ಮನೆತನಗಳಲ್ಲಿ ಮಾಸನ್ನು ಮನೆಗೆ ಒಯ್ದು ಹೂಳುವ ಪದ್ಧತಿ ಇದೆ, ಅದು ಬೇರೆಯವರ ಕೈಗೆ ಹೋದರೆ ಕೂಸಿಗೆ ಕೇಡು ಎಂಬ ನಂಬಿಕೆಯೂ ಇದೆ. ಅಲ್ಲಿ ವಾದಕ್ಕೆ ಇಳಿಯಬೇಡಿ. "ಆಯ್ತ್ರೀ ಯವ್ವಾ" ಎಂದು ಫಾರ್ಮ್ ಮಡಚಿಡುವುದೂ ನಮ್ಮ ಕೆಲಸವೇ. ಒಬ್ಬ ಅಜ್ಜಿಯನ್ನು ಒತ್ತಾಯದಿಂದ ಒಪ್ಪಿಸಿದರೆ ಇಡೀ ಓಣಿಯ ವಿಶ್ವಾಸ ಕಳೆದುಕೊಳ್ಳುತ್ತೀರಿ.

ರಕ್ತದ ಸ್ಯಾಂಪಲ್ ಬಗ್ಗೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಇಲ್ಲಿನ ತಪ್ಪು ಕಣ್ಣಿಗೆ ಕಾಣುವುದಿಲ್ಲ. ತಾಯಿ ಕಾರ್ಡಿನಲ್ಲಿ ಎಚ್‌ಐವಿ, ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ), ವಿಡಿಆರ್‌ಎಲ್ (ಸಿಫಿಲಿಸ್) ವರದಿ ಇರುತ್ತವೆ. ಅವು ಮೂರು-ನಾಲ್ಕು ತಿಂಗಳ ಹಳೆಯವು, ದಾನದ ಪರೀಕ್ಷೆಗೆ ಸಾಲವು. ಹೆರಿಗೆಯ ದಿನವೇ ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿಗೆ 5 ಮಿಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ 5 ಮಿಲಿ ತೆಗೆಯಿರಿ. ತೆಗೆಯಬೇಕಾದ ಹೊತ್ತು ವಾರ್ಡಿನಲ್ಲಿ ಐವಿ ಸೂಜಿ ಹಾಕುವಾಗ, ಸಲೈನ್ ಜೋಡಿಸುವ ಮುಂಚೆ. ಬೆನ್ನಿನ ಅರಿವಳಿಕೆಗೆ ಮುನ್ನ ಮತ್ತು ನಡುವೆ ಲೀಟರ್‌ಗಟ್ಟಲೆ ದ್ರವ ಏರಿಸುತ್ತಾರೆ. ಆಮೇಲೆ ತೆಗೆದ ರಕ್ತ ತೆಳುವಾಗಿರುತ್ತದೆ. ಅದರಲ್ಲಿ ಪ್ರತಿಕಾಯಗಳ ಪ್ರಮಾಣ ಪರೀಕ್ಷೆಯ ಮಿತಿಗಿಂತ ಕೆಳಗಿಳಿದು, ಸೋಂಕಿದ್ದರೂ ನೆಗೆಟಿವ್ ಎಂದು ಬರಬಹುದು. ಸಲೈನ್ ಹೋಗುತ್ತಿರುವ ಕೈಯಿಂದ ತೆಗೆದರೆ ಇನ್ನೂ ಕೆಡುಕು. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೂ, ಟ್ಯೂಬನ್ನು ಕುಲುಕಿದರೂ ರಕ್ತಕಣ ಒಡೆದು ಸೀರಂ ಕೆಂಪಾಗುತ್ತದೆ, ಸೋಂಕು ಹುಡುಕುವ ಎಲೈಸಾ ಪರೀಕ್ಷೆಯ ಓದು ತಪ್ಪಬಹುದು. ಇಡಿಟಿಎ ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು. ಬ್ಯಾಂಕು ದೂರವಿದ್ದರೆ ಅಲ್ಲೇ ಸೆಂಟ್ರಿಫ್ಯೂಜ್ ಮಾಡಿಸಿ ಸೀರಂ ಬೇರೆ ಮಾಡಿ ಕಳಿಸಿ.

ಕಿಟ್‌ನಲ್ಲಿ ಏನಿರಬೇಕು ಎಂದರೆ, ಆಟೋಕ್ಲೇವ್ ಆದ 2 ಲೀಟರಿನ ಸ್ಟೀಲ್ ಬೇಸಿನ್ ಎರಡು, ಅಗಲ ಬಾಯಿಯ 2 ಲೀಟರಿನ ಸ್ಟೆರೈಲ್ ಜಾಡಿ ಒಂದು, ಅದನ್ನು ಸುತ್ತಲು ಎರಡು ಸ್ಟೆರೈಲ್ ಚೀಲ, 0.9 ಶೇಕಡಾ ಸಲೈನ್ 3 ಲೀಟರ್, ಆರ್ಟರಿ ಫೋರ್ಸೆಪ್ಸ್, ಕತ್ತರಿ, ಬಳ್ಳಿಯ ಕ್ಲ್ಯಾಂಪ್ ಎರಡು, ಗಾಜ್, ಸ್ವ್ಯಾಬ್ ಮತ್ತು ಟ್ರಾನ್ಸ್‌ಪೋರ್ಟ್ ಮೀಡಿಯಂ, ಪುಡಿಯಿಲ್ಲದ ಗ್ಲೌಸ್ ಎರಡು ಜೊತೆ. ಪುಡಿಯಿಲ್ಲದ್ದೇ ಏಕೆ? ಗ್ಲೌಸಿನ ಪಿಷ್ಟದ ಪುಡಿ ಪೊರೆಗೆ ಅಂಟಿಕೊಂಡು ಕಣ್ಣಿನಲ್ಲಿ ಕೂತರೆ ಗಂಟುಗಟ್ಟುತ್ತದೆ. ಡಾಕ್ಟರು ಅದನ್ನು ಸೋಂಕು ಎಂದುಕೊಂಡು ಚಿಕಿತ್ಸೆ ಮಾಡುತ್ತ ಹೋಗುತ್ತಾರೆ. ಸಲೈನಿನ ಬ್ಯಾಚ್ ನಂಬರ್, ಆಟೋಕ್ಲೇವ್ ಇಂಡಿಕೇಟರ್ ಪಟ್ಟಿ ಎರಡನ್ನೂ ಫಾರ್ಮಿಗೆ ಅಂಟಿಸಿ. ನಾಳೆ ಒಂದೇ ವಾರದ ನಾಲ್ಕು ಜಾಡಿಗಳಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಹುಡುಕಲು ಅದೊಂದೇ ದಾರಿ.

ಥಿಯೇಟರಿನಲ್ಲಿ ನಮ್ಮ ಜಾಗ ಗೋಡೆಯ ಬದಿ. ಟ್ರಾಲಿಯ ಮೇಲೆ ಸ್ಟೆರೈಲ್ ಬಟ್ಟೆ ಹಾಸಿ, ಬೇಸಿನ್ ಇಟ್ಟು, ಸರ್ಕ್ಯುಲೇಟಿಂಗ್ ನರ್ಸ್‌ಗೆ ಹೇಳಿ ನಿಂತುಕೊಳ್ಳಿ. ತಾಯಿಯನ್ನು ಮುಟ್ಟುವ, ಬಳ್ಳಿ ಎಳೆಯುವ, "ಬೇಗ ಕೊಡ್ರಿ ಸರ್" ಎನ್ನುವ ಹಕ್ಕು ನಮಗಿಲ್ಲ. ಸರ್ಜನ್ ಮಾಸನ್ನು ತೆಗೆದು, ಹಾಲೆಗಳು, ಪೊರೆಗಳು ಪೂರ್ತಿ ಇವೆಯೇ ಎಂದು ನೋಡುವವರೆಗೆ ಅದು ತಾಯಿಯ ಚಿಕಿತ್ಸೆಯ ಭಾಗ. ಒಂದು ಹಾಲೆ ಒಳಗೆ ಉಳಿದರೂ ರಕ್ತಸ್ರಾವ ನಿಲ್ಲದೆ ಹೋಗಬಹುದು. ಕೂಸು ಬೆಳೆದಿರದಿದ್ದರೆ, ಬಿಪಿ ಏರಿದ್ದರೆ, ಸೋಂಕಿನ ಶಂಕೆ ಇದ್ದರೆ ಮಾಸು ಪೆಥಾಲಜಿಗೆ ಹೋಗಬೇಕಾಗಬಹುದು. ಆ ಪೆಥಾಲಜಿ ವರದಿಯ ಮುಂದೆ ನಮ್ಮ ಜಾಡಿ ದೊಡ್ಡದಲ್ಲ. ರಕ್ತಸ್ರಾವ ಹೆಚ್ಚಾಗಿ ಓಡಾಟ ಶುರುವಾದರೆ ಟ್ರಾಲಿ ಸರಿಸಿ ಹೊರಗೆ ಬಂದುಬಿಡಿ. ದಾನ ತಪ್ಪಿದರೆ ತಪ್ಪಲಿ.

ಮಾಸು ಕೈಗೆ ಬಂದಾಗ ಎರಡೂ ಅಂಗೈ ಕೆಳಗೆ ಕೊಟ್ಟು ಹಿಡಿಯಿರಿ. ಹೊಳಪಿನ ಮಗ್ಗುಲು ಮೇಲಿರಲಿ. ಬಳ್ಳಿಯ ತುದಿಗೆ ಕ್ಲ್ಯಾಂಪ್ ಹಾಕಿ, ಇಲ್ಲದಿದ್ದರೆ ತೊಳೆದಷ್ಟೂ ಒಳಗಿನ ರಕ್ತ ಸೋರಿ ಸಲೈನ್ ಕೆಂಪಾಗುತ್ತಲೇ ಇರುತ್ತದೆ. ಬಳ್ಳಿ ಬೇಡವಾದರೆ ಬುಡದಿಂದ ಸುಮಾರು 10 ಸೆಂಟಿಮೀಟರ್ ಬಿಟ್ಟು, ಎರಡು ಕ್ಲ್ಯಾಂಪಿನ ನಡುವೆ ಕತ್ತರಿಸಿ. ಒತ್ತಡದಲ್ಲಿರುವ ಬಳ್ಳಿ ಕತ್ತರಿಸುವಾಗ ರಕ್ತ ಚಿಮ್ಮುತ್ತದೆ, ಕನ್ನಡಕ ಕಡ್ಡಾಯ. ಕತ್ತರಿಸಿದ ತುದಿಯಲ್ಲಿ ಎರಡು ಸಣ್ಣ ನಾಳ, ಒಂದು ದೊಡ್ಡ ನಾಳ ಕಾಣಬೇಕು. ಎರಡೇ ಕಂಡರೆ ಡಾಕ್ಟರಿಗೆ ಕೂಡಲೇ ತಿಳಿಸಿ, ಕೂಸನ್ನು ಅವರು ಇನ್ನೊಮ್ಮೆ ನೋಡಬೇಕಾಗುತ್ತದೆ. ಪೊರೆಯ ಬಣ್ಣ ಹಸಿರು, ಮಂದ ಅಥವಾ ಹಳದಿಯಾಗಿದ್ದರೆ, ಕೆಟ್ಟ ವಾಸನೆ ಇದ್ದರೆ, ಆಮ್ನಿಯಾನ್ ಆಗಲೇ ಕಳಚಿ ನೇತಾಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ತೊಳೆಯುವುದಕ್ಕೂ ಮುಂಚೆ ಪೊರೆಯಿಂದ ಸ್ವ್ಯಾಬ್ ತೆಗೆಯಿರಿ. ಆ್ಯಂಟಿಬಯೋಟಿಕ್ ತಾಗಿದ ಮೇಲೆ ತೆಗೆದ ಸ್ವ್ಯಾಬ್ ಸುಳ್ಳು ಹೇಳುತ್ತದೆ. ಔಷಧಿ ಬ್ಯಾಕ್ಟೀರಿಯಾವನ್ನು ಅಡಗಿಸಿರುತ್ತದೆ, ಕೊಂದಿರುವುದಿಲ್ಲ. ಆಮೇಲೆ ಸಲೈನಿನಲ್ಲಿ ಎರಡು-ಮೂರು ಸಲ ಅದ್ದಿ, ಹೆಪ್ಪುಗಟ್ಟಿದ ರಕ್ತವನ್ನು ಬೆರಳಿನಿಂದ ಸರಿಸಿ ತೆಗೆಯಿರಿ. ಉಜ್ಜಬೇಡಿ. ಇದು ಹತ್ತು ನಿಮಿಷದೊಳಗೆ ಆಗಬೇಕು, ತಡವಾದರೆ ರಕ್ತ ಪೊರೆಗೆ ಕಂದು ಕಲೆಯಾಗಿ ಕೂರುತ್ತದೆ. ಉಳಿದ ರಕ್ತ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮೇವು ಕೂಡ. ನಲ್ಲಿ ನೀರು, ಡಿಸ್ಟಿಲ್ಡ್ ವಾಟರ್ ಎರಡೂ ನಿಷಿದ್ಧ. ಉಪ್ಪಿನಂಶವಿಲ್ಲದ ನೀರು ಕೋಶದೊಳಗೆ ನುಗ್ಗಿ ಅದನ್ನು ಉಬ್ಬಿಸಿ ಒಡೆಯುತ್ತದೆ, ನಲ್ಲಿಯ ನೀರಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೇರೆ ಇರಬಹುದು. ಸ್ಪಿರಿಟ್, ಬೆಟಾಡಿನ್‌ನಲ್ಲಿ ಅದ್ದುವುದೂ ಬೇಡ. ಅತಿ ಕೆಟ್ಟ ತಪ್ಪು ಫಾರ್ಮಾಲಿನ್. ಪೆಥಾಲಜಿಗೆಂದು ಇಟ್ಟ ಫಾರ್ಮಾಲಿನ್ ಡಬ್ಬಿಗೆ ಅಭ್ಯಾಸಬಲದಿಂದ ಹಾಕಿದರೆ ಆ ಪೊರೆ ಅಲ್ಲೇ ಮುಗಿಯಿತು. ಹಾಗಾಗಿ ನಮ್ಮ ಟ್ರಾಲಿಯ ಆಸುಪಾಸು ಆ ಡಬ್ಬಿ ಇರದಂತೆ ನೋಡಿಕೊಳ್ಳಿ.

ಜಾಡಿಯಲ್ಲಿ ಮಾಸು ಪೂರ್ತಿ ಮುಳುಗುವಷ್ಟು ದ್ರವ ಇರಬೇಕು, ಸಾಮಾನ್ಯವಾಗಿ 500 ಮಿಲಿಯಿಂದ 1 ಲೀಟರ್. ಮೇಲೆ ತೇಲಿದ ಭಾಗ ಒಣಗಿ ಕಾಗದವಾಗುತ್ತದೆ. ಬ್ಯಾಂಕಿನ ವಿಧಾನದಲ್ಲಿ ಆ್ಯಂಟಿಬಯೋಟಿಕ್ ಇದ್ದರೆ ವಾಡಿಕೆಯ ಪ್ರಮಾಣ ಮಿಲಿಗೆ ಪೆನಿಸಿಲಿನ್ 50 ಮೈಕ್ರೋಗ್ರಾಂ, ಸ್ಟ್ರೆಪ್ಟೊಮೈಸಿನ್ 50, ನಿಯೋಮೈಸಿನ್ 100, ಶಿಲೀಂಧ್ರಕ್ಕೆ ಆಂಫೋಟೆರಿಸಿನ್ ಬಿ 2.5 ಮೈಕ್ರೋಗ್ರಾಂ. ಈ ಔಷಧಿಗಳ ಹೆಸರು ಫಾರ್ಮಿನಲ್ಲಿ, ಮುಂದೆ ಪೊರೆಯ ಪ್ಯಾಕೆಟ್ಟಿನ ಮೇಲೂ ಇರಬೇಕು. ಪೆನಿಸಿಲಿನ್ ಅಲರ್ಜಿ ಇರುವ ರೋಗಿಗೆ ಅದು ಜೀವದ ಪ್ರಶ್ನೆ.

ಲೇಬಲ್ ಬಗ್ಗೆ ಬೇಸರವಾಗುವಷ್ಟು ಹೇಳುತ್ತೇನೆ, ಸಹಿಸಿಕೊಳ್ಳಿ. ಬೆಳಿಗ್ಗೆಯೇ ಐದು ಜಾಡಿಗೆ ಐದು ಹೆಸರು ಬರೆದಿಡುವುದು ಸುಲಭ. ಅಷ್ಟರಲ್ಲಿ ತುರ್ತು ಕೇಸ್ ನುಗ್ಗುತ್ತದೆ, ಪಟ್ಟಿಯ ಕ್ರಮ ಬದಲಾಗುತ್ತದೆ, ಮೂರನೆಯವಳ ಮಾಸು ಎರಡನೆಯವಳ ಜಾಡಿ ಸೇರುತ್ತದೆ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮವ್ವ, ಇಬ್ಬರು ರೇಣುಕಾ ಇರುವುದು ನಮ್ಮಲ್ಲಿ ಸಾಮಾನ್ಯ, ಗಂಡನ ಹೆಸರೂ ಒಂದೇ ಇರಬಹುದು. ಆದ್ದರಿಂದ ಹೆಸರನ್ನು ನಂಬದೆ ಒಳರೋಗಿ ಸಂಖ್ಯೆ ನಂಬಿ. ಕೈಪಟ್ಟಿ, ಕೇಸ್ ಶೀಟ್, ಒಪ್ಪಿಗೆ ಪತ್ರ, ರಕ್ತದ ಟ್ಯೂಬ್ ನಾಲ್ಕರಲ್ಲೂ ಅದೇ ಸಂಖ್ಯೆ ಇದೆಯೇ ಎಂದು ಜಾಡಿ ಮುಚ್ಚಿದ ಕೂಡಲೇ, ಮುಂದಿನ ಕೇಸ್ ಒಳಗೆ ಬರುವ ಮುಂಚೆ, ನರ್ಸ್ ಜೊತೆ ದನಿಯೆತ್ತಿ ಓದಿ ಬರೆಯಿರಿ. ಹೊರಗೆ ಕಾಣುವ ಲೇಬಲಿನಲ್ಲಿ ಹೆಸರು ಬೇಡ. ದಾನಿ ಸಂಕೇತ, ತಾರೀಖು, ಮಾಸು ಹೊರಬಂದ ಸಮಯ, ಆಸ್ಪತ್ರೆ, "ಮಾನವ ಅಂಗಾಂಶ, ಪರೀಕ್ಷೆ ಬಾಕಿ" ಎಂಬ ಬರಹ ಸಾಕು. ಸ್ಪಿರಿಟ್ ತಾಗಿದರೆ ಅಳಿಯುವ ಶಾಯಿ ಬಳಸಬೇಡಿ. ಒಂದು ಲೇಬಲ್ ಜಾಡಿಗೆ, ಇನ್ನೊಂದು ಹೊರಚೀಲಕ್ಕೆ. ಗುರುತು ಅನುಮಾನವಾದರೆ ಆ ಮಾಸನ್ನು ಬಿಟ್ಟುಬಿಡುವುದೊಂದೇ ದಾರಿ, ಊಹೆಗೆ ಇಲ್ಲಿ ಜಾಗವಿಲ್ಲ.

ಸಾಗಣೆಯಲ್ಲಿ ಕೆಡುವುದು ಎರಡು ರೀತಿ, ಬಿಸಿಯಾಗಿ ಅಥವಾ ಹೆಪ್ಪುಗಟ್ಟಿ. ಬೇಕಾದದ್ದು 2ರಿಂದ 8 ಡಿಗ್ರಿ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ನಿಂತ ಕಾರಿನ ಡಿಕ್ಕಿಯೊಳಗೆ ಅದಕ್ಕಿಂತ ಬಹಳ ಹೆಚ್ಚು. ಬಾಕ್ಸನ್ನು ಡಿಕ್ಕಿಯಲ್ಲಿ ಇಡದೆ ಸೀಟಿನ ಬಳಿ ನೆರಳಲ್ಲಿ ಇಡಿ. ಇನ್ನೊಂದು ಕಡೆ, ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರವಾಗಿ ಜಾಡಿಗೆ ತಾಗಿಸಿದರೆ ಆ ಮಗ್ಗುಲು ಹೆಪ್ಪುಗಟ್ಟಿ ಮಂಜಿನ ಹರಳು ಕೋಶಗಳನ್ನು ಸೀಳುತ್ತದೆ. ಆಶಾ, ಎಎನ್‌ಎಂ ಅಕ್ಕಂದಿರಿಗೆ ಲಸಿಕೆಯಿಂದ ಇದು ಗೊತ್ತು: ಐಸ್‌ಪ್ಯಾಕ್ ಬೆವರಿ, ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬರುವವರೆಗೆ ಹೊರಗಿಟ್ಟು ಆಮೇಲೆ ಬಳಸಬೇಕು. ಜಾಡಿ ಮತ್ತು ಐಸ್‌ಪ್ಯಾಕಿನ ನಡುವೆ ಟವೆಲ್ ಅಥವಾ ಥರ್ಮಾಕೋಲ್ ಇರಲಿ, ಥರ್ಮಾಮೀಟರ್ ಜಾಡಿಯ ಪಕ್ಕದಲ್ಲಿರಲಿ. ಲಸಿಕೆಯ ಕ್ಯಾರಿಯರ್ ಎರವಲು ತರಬೇಡಿ. ಅದರಲ್ಲಿ ಈ ಜಾಡಿ ಹಿಡಿಯುವುದೂ ಇಲ್ಲ, ರಕ್ತದ ವಸ್ತು ಇಟ್ಟದ್ದರಲ್ಲಿ ಲಸಿಕೆ ಇಡುವುದೂ ಸಲ್ಲ.

ನಮ್ಮ ಕಡೆ ಬಸ್ ಕಂಡಕ್ಟರ್ ಕೈಯಲ್ಲಿ ಪಾರ್ಸೆಲ್ ಕೊಟ್ಟು ಕಳಿಸುವುದು ಎಲ್ಲರಿಗೂ ರೂಢಿ. ಬಾಗಲಕೋಟೆಯಿಂದ ಹುಬ್ಬಳ್ಳಿಗೆ, ಇಂಡಿಯಿಂದ ವಿಜಯಪುರಕ್ಕೆ ಏನೆಲ್ಲ ಹಾಗೇ ಹೋಗುತ್ತದೆ. ಮಾಸನ್ನು ಮಾತ್ರ ಹಾಗೆ ಕಳಿಸಬಾರದು. ದಾರಿಯಲ್ಲಿ ಬಾಕ್ಸ್ ಎಲ್ಲಿತ್ತು, ಯಾರು ತೆರೆದರು, ಎಷ್ಟು ಹೊತ್ತು ಬಿಸಿಲಲ್ಲಿ ಕೂತಿತ್ತು ಎಂಬುದಕ್ಕೆ ಉತ್ತರ ಕೊಡುವವರು ಇರುವುದಿಲ್ಲ. ಕೊಟ್ಟವರ ಸಹಿ, ಪಡೆದವರ ಸಹಿ, ಎರಡೂ ಕಡೆ ಸಮಯ ಮತ್ತು ಉಷ್ಣಾಂಶ ಬರೆದಿರಬೇಕು. 24 ಗಂಟೆ ಹೊರಮಿತಿ ಎಂದು ಇಟ್ಟುಕೊಂಡರೂ 12 ಗಂಟೆಯೊಳಗೆ ತಲುಪಿಸುವ ಗುರಿ ಇಟ್ಟುಕೊಳ್ಳಿ. ಬೆಳಿಗ್ಗೆಯ ಪಟ್ಟಿಯ ಸಿಜೇರಿಯನ್ ಆಗಿದ್ದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಒಳಗೆ ಇದು ಕಷ್ಟವಲ್ಲ.

ಬ್ಯಾಂಕಿನಲ್ಲಿ ಮುಂದೆ ನಡೆಯುವುದನ್ನು ತಿಳಿದಿದ್ದರೆ ಇಷ್ಟೆಲ್ಲ ಎಚ್ಚರಿಕೆ ಏಕೆಂದು ಅರ್ಥವಾಗುತ್ತದೆ. ಆಮ್ನಿಯಾನನ್ನು ಕೋರಿಯಾನಿನಿಂದ ಬಿಡಿಸಿ, ಸ್ವಚ್ಛವಾಗಿ ತೊಳೆದು, ನೈಟ್ರೋಸೆಲ್ಯುಲೋಸ್ ಕಾಗದದ ಮೇಲೆ ಕೋಶಗಳ ಮಗ್ಗುಲು ಮೇಲಾಗುವಂತೆ ಹರಡಿ, 3ರಿಂದ 5 ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸುತ್ತಾರೆ. ಅರ್ಧ ಗ್ಲಿಸರಾಲ್, ಅರ್ಧ ಪೋಷಕ ದ್ರವದಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ, ಇಲ್ಲವೇ ಒಣಗಿಸಿ 25 ಕಿಲೋಗ್ರೇ ಗಾಮಾ ವಿಕಿರಣ ಕೊಡಿಸುತ್ತಾರೆ. ಈ 25 ಕಿಲೋಗ್ರೇ ಎಂಬ ಅಳತೆ ಮೊದಲೇ ಸೂಕ್ಷ್ಮಾಣು ಕಡಿಮೆ ಇದೆ ಎಂದು ಭಾವಿಸಿ ಗೊತ್ತುಮಾಡಿದ್ದು. ಸೂಕ್ಷ್ಮಾಣುಗಳ ಹೊರೆ ಹೆಚ್ಚಾದಷ್ಟೂ ಕೆಲವು ಬದುಕಿ ಉಳಿಯುವ ಸಾಧ್ಯತೆ ಹೆಚ್ಚು. ವೈರಸ್‌ಗಳಂತೂ ಬ್ಯಾಕ್ಟೀರಿಯಾಕ್ಕಿಂತ ಹೆಚ್ಚು ತಡೆದುಕೊಳ್ಳುತ್ತವೆ, ಅವಕ್ಕೆ ರಕ್ತಪರೀಕ್ಷೆಯೇ ತಡೆಗೋಡೆ. ನಿಮ್ಮ ಸ್ವ್ಯಾಬಿನಲ್ಲಿ ಇ. ಕೋಲೈ, ಸ್ಯೂಡೋಮೊನಾಸ್, ಶಿಲೀಂಧ್ರ ಬೆಳೆದರೆ ಬ್ಯಾಂಕು ಇಡೀ ಮಾಸನ್ನು ತ್ಯಜಿಸುತ್ತದೆ. ಒಂದು ಮಾಸಿನಿಂದ ಹತ್ತಕ್ಕೂ ಹೆಚ್ಚು ತುಂಡು ಬರುವುದರಿಂದ ಒಂದು ತಪ್ಪು ಹತ್ತಾರು ಕಣ್ಣುಗಳಿಗೆ ಹೋಗಬಲ್ಲದು.

ನಿಮ್ಮ ಸುರಕ್ಷತೆ ಮರೆಯಬೇಡಿ. ಕೆಲಸಕ್ಕೆ ಸೇರುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ ಮೂರು ಡೋಸ್, ಆಮೇಲೆ ಪ್ರತಿಕಾಯ ಪರೀಕ್ಷೆ, ಮಟ್ಟ 10 mIU/mlಗಿಂತ ಮೇಲಿರಬೇಕು. ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ಕೂಡಲೇ ವರದಿ ಮಾಡಿ. ಎಚ್‌ಐವಿ ತಡೆ ಔಷಧಿ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ಮೀರಿದರೆ ಫಲವಿಲ್ಲ, 28 ದಿನ ಪೂರ್ತಿ ನುಂಗಬೇಕು. ನಾಚಿಕೊಂಡು ಮುಚ್ಚಿಟ್ಟವರಿಗೆ ಆ ಹೊತ್ತು ಮತ್ತೆ ಸಿಗುವುದಿಲ್ಲ. ಬೇಡವೆಂದು ಬಿಟ್ಟ ಮಾಸನ್ನು ಅದೇ ಆಸ್ಪತ್ರೆಯ ಹಳದಿ ಚೀಲಕ್ಕೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ, ರಿಜಿಸ್ಟರಿನಲ್ಲಿ ಬರೆದು ಹಾಕಿ. 48 ಗಂಟೆಗಿಂತ ಹೆಚ್ಚು ಅಲ್ಲಿ ಉಳಿಯಬಾರದು.

ಕೊನೆಯದಾಗಿ ಆರು ತಿಂಗಳ ಮರುಪರೀಕ್ಷೆ. ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆ ನೆಗೆಟಿವ್ ತೋರಿಸುವ ವಿಂಡೋ ಪೀರಿಯಡ್ ಇರುವುದರಿಂದ, ಫ್ರೀಜರಿನಲ್ಲಿಟ್ಟ ಪೊರೆಯನ್ನು 180 ದಿನ ತಡೆಹಿಡಿದು, ತಾಯಿಯ ರಕ್ತ ಮತ್ತೆ ಪರೀಕ್ಷಿಸಿದ ಮೇಲೆ ಬಿಡುಗಡೆ ಮಾಡುತ್ತಾರೆ. ವೈರಸ್ಸಿನ ವಂಶವಸ್ತುವನ್ನೇ ನೇರವಾಗಿ ಹುಡುಕುವ ನ್ಯಾಟ್ ಪರೀಕ್ಷೆ ಆ ಅವಧಿಯನ್ನು ಬಹಳ ಕಿರಿದು ಮಾಡುತ್ತದೆ, ಆದರೆ ಅದು ಎಲ್ಲ ಕಡೆ ಸಿಗುವುದಿಲ್ಲ. ನಮ್ಮ ಸೀಮೆಯಲ್ಲಿ ತಾಯಿ ಕೈತಪ್ಪುವುದು ಇಲ್ಲೇ. ಚೊಚ್ಚಲ ಹೆರಿಗೆ ತವರಿನಲ್ಲಿ, ಮೂರು-ಐದು ತಿಂಗಳಿಗೆ ಗಂಡನ ಮನೆಗೆ. ಫಾರ್ಮಿನಲ್ಲಿ ಇರುವುದು ಗಂಡನ ಮೊಬೈಲ್, ಅವನು ಕಬ್ಬಿನ ಹಂಗಾಮಿಗೆ ಗುಳೆ ಹೋಗಿರುತ್ತಾನೆ, ಸಿಮ್ ಬದಲಾಗಿರುತ್ತದೆ. ಆದ್ದರಿಂದ ತವರಿನ ನಂಬರ್, ಗಂಡನ ಮನೆಯ ನಂಬರ್, ಎರಡೂ ಊರಿನ ಆಶಾ ಕಾರ್ಯಕರ್ತೆಯರ ನಂಬರ್ ಎಲ್ಲವನ್ನೂ ಹೆರಿಗೆಯ ದಿನವೇ ಬರೆದುಕೊಳ್ಳಿ. ಬರೀ ಪರೀಕ್ಷೆಗೆಂದು ಕರೆದರೆ ಬರುವುದು ಕಷ್ಟ. ಕೂಸಿನ ಲಸಿಕೆ 14 ವಾರದ ನಂತರ 9 ತಿಂಗಳಿಗೆ, ದಡಾರ-ರುಬೆಲ್ಲಾಗೆ, ಬರುತ್ತದೆ. ಅಷ್ಟೊತ್ತಿಗೆ 180 ದಿನ ದಾಟಿರುತ್ತದೆ, ತಾಯಿ ಹೇಗೂ ಕೇಂದ್ರಕ್ಕೆ ಬರುತ್ತಾಳೆ. ಅವತ್ತೇ 5 ಮಿಲಿ ರಕ್ತ ತೆಗೆಯುವ ಏರ್ಪಾಡು ಮಾಡಿಕೊಂಡರೆ ಸಿಗುವ ತಾಯಂದಿರು ಹೆಚ್ಚು. ಪೊರೆ ಮೂರು ತಿಂಗಳು ಹೆಚ್ಚಿಗೆ ಫ್ರೀಜರಿನಲ್ಲಿದ್ದರೆ ಕೆಡುವುದಿಲ್ಲ.

ಫಲಿತಾಂಶ ಪಾಸಿಟಿವ್ ಬಂದರೆ ಅದನ್ನು ಫೋನಿನಲ್ಲಿ ಹೇಳುವುದಾಗಲಿ, ಗಂಡನಿಗೋ ಆಶಾಗೋ ತಿಳಿಸುವುದಾಗಲಿ ಕೂಡದು. 2017ರ ಎಚ್‌ಐವಿ ಕಾಯ್ದೆ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ. ತಾಯಿಯನ್ನು ಐಸಿಟಿಸಿ ಕೇಂದ್ರದ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಆಪ್ತಸಮಾಲೋಚಕರ ಬಳಿ ಕರೆಸಿ, ಅವರೇ ಹೇಳಿ, ಮರುಪರೀಕ್ಷೆ ಮಾಡಿಸಿ, ಚಿಕಿತ್ಸೆಗೆ ಜೋಡಿಸಬೇಕು. ಎದೆಹಾಲು ಕುಡಿಯುವ ಕೂಸಿನ ಪರೀಕ್ಷೆಯೂ ಅಂದೇ ಶುರುವಾಗಬೇಕು. ಅವಳ ಮಾಸಿನ ಎಲ್ಲ ತುಂಡುಗಳನ್ನು ಅದೇ ದಿನ ಎಣಿಸಿ ನಾಶಕ್ಕೆ ಕಳಿಸಿ, ಎಣಿಕೆ ಹೊಂದಿದ ಮೇಲೆ ಮಾತ್ರ ಆ ಫೈಲು ಮುಚ್ಚಬೇಕು.